ಇಳಿಜಾರಿನಲ್ಲಿ ಹಿಡಿಯದ ಬ್ರೇಕು

ನನ್ನ ಗಂಡನ ಅಂಗಿಯಿಂದ ಸುಟ್ಟ ವಾಸನೆ ಬರುತ್ತಿದೆ ಎಂದು ಮೊದಲು ನನಗೆ ಗೊತ್ತಾದದ್ದು ಬಟ್ಟೆ ಒಗೆಯುವ ಕಲ್ಲಿನ ಮುಂದೆ. ಅದು ಬೀಡಿಯ ವಾಸನೆಯಲ್ಲ, ಡೀಸೆಲ್ಲಿನದೂ ಅಲ್ಲ. ಅವೆರಡನ್ನೂ ನಾನು ಮದುವೆಯಾದಾಗಿನಿಂದ ಒಗೆದು ಬಲ್ಲೆ. ಇದು ರಬ್ಬರೂ ಕೂದಲೂ ಒಟ್ಟಿಗೆ ಸುಟ್ಟಂಥದ್ದು, ಸೋಪು ಹಚ್ಚಿ ತಿಕ್ಕಿದರೂ ಮೂಗಿನೊಳಗೆ ಕೂತೇ ಇರುವಂಥದ್ದು. ಇಳಿಜಾರಿನಲ್ಲಿ ಲಾರಿಯ ಬ್ರೇಕ್ ಕಾದು ಹೊಗೆಯಾಡಿದರೆ ಹೀಗೆ ನಾರುತ್ತದೆ ಎಂದು ಆಮೇಲೆ ನನ್ನ ತಮ್ಮ ಹೇಳಿದ. ಅವನ ಅಂಗಿಯನ್ನು ಒಗೆಯುತ್ತಿದ್ದವಳೂ ನಾನೇ. ಅದರಲ್ಲಿ ಆ ವಾಸನೆ ಇರಲಿಲ್ಲ. ಇಬ್ಬರೂ ಓಡಿಸುತ್ತಿದ್ದದ್ದು ಒಂದೇ ಲಾರಿ, ಇಳಿಯುತ್ತಿದ್ದದ್ದು ಒಂದೇ ಗುಡ್ಡ.

ಹೊಸಪೇಟೆಯಲ್ಲಿ ನಮ್ಮ ಮನೆ. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷಿನ್ನು, ಅದರ ಪಕ್ಕದ ಗೋಡೆಗೆ ಗಿರಾಕಿಗಳ ಬ್ಲೌಸು, ಅದರಾಚೆ ಒಂದು ಮಂಚ. ಆ ಮಂಚ ನನ್ನ ತಮ್ಮನದು. ನನ್ನ ತವರು ಕಂಪ್ಲಿ. ಅಲ್ಲಿ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಅವನನ್ನು ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡು ಲಾರಿ ಕಲಿಸಿದವರು ನಮ್ಮ ಮನೆಯವರೇ. ಕೊನೆಗೆ ಇಬ್ಬರೂ ಕೂಡಿ ಹತ್ತು ಚಕ್ರದ ಒಂದು ಹಳೆಯ ಟಿಪ್ಪರ್ ಕೊಂಡರು. ಸಂಡೂರಿನ ಕಡೆ, ಯಶವಂತನಗರದ ಆಚೆಯ ಯಾರ್ಡಿನಲ್ಲಿ ಅದಿರು ತುಂಬಿಕೊಂಡು, ಗುಡ್ಡ ಇಳಿದು, ಪಾಪಿನಾಯಕನಹಳ್ಳಿ ಕಡೆ ಗೂಡ್ಸ್ ರೈಲಿಗೆ ಅದಿರು ತುಂಬುವ ರೈಲ್ವೆ ಸೈಡಿಂಗಿನಲ್ಲಿ ಸುರಿದು ಬರುವುದು ಕೆಲಸ. ಒಂದು ವಾರ ಇವರು, ಒಂದು ವಾರ ತಮ್ಮ. ತನ್ನ ವಾರ ಮುಗಿದರೆ ತಮ್ಮ ಕಂಪ್ಲಿಗೆ ಹೋಗಿ ಅವ್ವನನ್ನು ನೋಡಿಕೊಂಡು ಬರುತ್ತಿದ್ದ.

ವಾಸನೆಯ ಮಾತನ್ನು ನಾನು ತೆಗೆಯುವ ಮೊದಲೇ ಇವರು ತೆಗೆದರು. ಇಬ್ಬರಿಗೂ ರೊಟ್ಟಿ ಬಡಿಸುತ್ತಿದ್ದೆ.

"ಗಾಡಿ ಎಕ್ಸಾಸ್ಟ್ ಬ್ರೇಕ್ ಹಿಡೀವಲ್ದು. ಒಂದೀಟು ಹಿಡೀತೈತಿ, ಬಿಡತೈತಿ" ಎಂದರು ತಮ್ಮನಿಗೆ.

"ನನಗ ಹಿಡೀತೈತಲ್ಲ ಭಾವ" ಎಂದ ಅವನು.

"ಹಂಗಂದ್ರ ನಾ ಸುಳ್ಳು ಹೇಳಾಕತ್ತೀನೇನು?"

"ಹಂಗಲ್ರಿ. ನಿನ್ನೆ ಸಂಜಿತನಕ ನಾನ ಓಡಿಸೀನಿ. ಮಸ್ತ್ ಹಿಡೀತು."

ಇವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತಮ್ಮನ ಮುಖ ನೋಡಿದರು. ಕಲಿಸಿದವನಿಗೆ ಕಲಿತವನು 'ನನಗೆ ಆಗುತ್ತದೆ' ಎಂದಂತಾಗಿತ್ತು. ಅಂದು ಇಬ್ಬರೂ ಬೇರೆ ಬೇರೆ ಹೊತ್ತಿಗೆ ಕೈ ತೊಳೆದರು.

ಎಕ್ಸಾಸ್ಟ್ ಬ್ರೇಕ್ ಎಂದರೆ ಏನೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ತುಳಿಯುವ ಬ್ರೇಕೊಂದೇ ಬ್ರೇಕು ಎಂದುಕೊಂಡಿದ್ದೆ. ತಮ್ಮನನ್ನು ಕೇಳಿದೆ. ಅವನು ಮೂಲೆಯಲ್ಲಿದ್ದ ಸೈಕಲ್ ಪಂಪು ತಂದು ನನ್ನ ಕೈಗೆ ಕೊಟ್ಟ. "ಒತ್ತು" ಎಂದ. ಗಾಳಿ ಸರಾಗವಾಗಿ ಹೋಯಿತು. ಆಮೇಲೆ ಪಂಪಿನ ಬಾಯಿಗೆ ತನ್ನ ಹೆಬ್ಬೆರಳು ಒತ್ತಿ ಹಿಡಿದು "ಈಗ ಒತ್ತು" ಎಂದ. ಎರಡೂ ಕೈ ಹಾಕಿದರೂ ಅರ್ಧಕ್ಕಿಂತ ಕೆಳಗೆ ಇಳಿಯಲಿಲ್ಲ.

"ಇಷ್ಟ ಅಕ್ಕ. ಇಂಜಿನ್ ಹೊಗಿ ಹೋಗೋ ಪೈಪ್‌ನ್ಯಾಗ ಒಂದು ತಟ್ಟಿ ಇರತೈತಿ. ಸ್ಟೇರಿಂಗ್ ಬಾಜೂಕಿನ ಕಡ್ಡಿ ಎಳದ್ರ ಆ ತಟ್ಟಿ ಪೈಪ್ ಮುಚ್ಚತೈತಿ, ಡೀಸೆಲ್ ಬಂದ್ ಆಗತೈತಿ. ಇಳಿಜಾರಿನ್ಯಾಗ ಚಕ್ರಾನ ಇಂಜಿನ್ನ ತಿರಗಸ್ತಿರತಾವ. ಒಳಗಿನ ಗಾಳಿಗೆ ಹೊರಗ ಹೋಗಾಕ ದಾರಿ ಇಲ್ಲ. ಇಂಜಿನ್ ತಿರುಗಾಕ ತ್ರಾಸ್ ಪಡತೈತಿ. ಇಂಜಿನ್ ತಡದ್ರ ಚಕ್ರಾನೂ ತಡೀತಾವ."

"ಹಂಗಾದ್ರ ಕಾಲಾಗಿನ ಬ್ರೇಕ್ ಯಾಕ ಬೇಕು?"

"ನಿಲ್ಲಸಾಕ ಅದು ಬೇಕು. ಆದ್ರ ಲೋಡ್ ಗಾಡಿ ಗುಡ್ಡದ ಮ್ಯಾಲಿಂದ ಕೆಳಗಿನತನಕ ಅದನ್ನ ತುಳಕೋತ ಬಂದ್ರ ಚಕ್ರದಾಗಿನ ಬ್ರೇಕ್ ಲೈನರ್ ಕಾದು ಕೆಂಪಾಗತಾವ. ಕಾದ ಮ್ಯಾಲೆ ಎಷ್ಟು ತುಳದ್ರೂ ಹಿಡಿಯಂಗಿಲ್ಲ. ಅದಕ್ಕ ಸಣ್ಣ ಗೇರ್ ಹಾಕಿ ಎಕ್ಸಾಸ್ಟ್ ಎಳಕೊಂಡು ಇಳೀಬೇಕು. ಇಂಜಿನ್ನಿಗೂ ಚಕ್ರಕ್ಕೂ ಕೂಡಿಕೆ ಇದ್ರಷ್ಟ ಅದು ಹಿಡಿಯೋದು. ಕ್ಲಚ್ ಒಂಚೂರು ಮುಟ್ಟಿದ್ರೂ ಅಲ್ಲೊಂದು ಸ್ವಿಚ್ ಐತಿ, ತಟ್ಟಿ ತೆರದ ಬಿಡತೈತಿ."

"ಅವರು ಕ್ಲಚ್ ಮುಟ್ಟತಾರೇನೋ?"

ತಮ್ಮ ನಕ್ಕ. "ಭಾವನಾ? ನಾ ಕಲಿಯೋವಾಗ ಕ್ಲಚ್ ಮ್ಯಾಲೆ ಕಾಲಿಟ್ರ ಮೊಣಕಾಲಿಗೆ ಸ್ಪ್ಯಾನರ್‌ಲೆ ಬಡೀತಿದ್ರು. ಇಡೀ ಸಂಡೂರ ರಸ್ತ್ಯಾಗ ಅವರಂಗ ಕಾಲು ತೆಗದು ಕುಂದ್ರೋ ಡ್ರೈವರ್ ಯಾರಿಲ್ಲ."

ಹೀಗೆ ಕ್ಲಚ್ಚಿನ ಅನುಮಾನ ಅಲ್ಲಿಗೇ ಮುಚ್ಚಿತು. ನನಗಾಗಲಿ ಅವನಿಗಾಗಲಿ ಮತ್ತೆ ಅದರ ಯೋಚನೆಯೇ ಬರಲಿಲ್ಲ.

ಲಾರಿಯನ್ನು ಮೆಕ್ಯಾನಿಕ್ ಹತ್ತಿರ ಒಯ್ದರು. ಊರ ಹೊರಗಿನ ಶೆಡ್ಡಿನವನು, ಮಾತು ಕಡಿಮೆಯ ಮನುಷ್ಯ. ಅವನು ಕೆಳಗೆ ತೂರಿ ಪೈಪಿನ ತಟ್ಟೆ ಬಿಚ್ಚಿ ಮಸಿ ಕೆರೆದ, ಗಾಳಿ ಬರುವ ನಳಿಕೆಗೆ ಸೋಪಿನ ನೊರೆ ಹಚ್ಚಿ ಎಲ್ಲಿಯೂ ಗುಳ್ಳೆ ಏಳುವುದಿಲ್ಲ ಎಂದು ತೋರಿಸಿದ, ತಾನೇ ಕೂತು ಮಲಪನಗುಡಿ ಕಡೆಗೆ ಓಡಿಸಿಕೊಂಡು ಹೋಗಿ ಬಂದ. ಆಗ ಅವನ ಪಕ್ಕದಲ್ಲಿದ್ದವನು ತಮ್ಮ. ಇವರು ಶೆಡ್ಡಿನ ನೆರಳಲ್ಲಿ ಕೂತೇ ಇದ್ದರು.

"ಗಾಡ್ಯಾಗ ಏನೂ ಇಲ್ರಿ" ಎಂದನಂತೆ ಮೆಕ್ಯಾನಿಕ್.

"ಹಂಗಾದ್ರ ನನಗ ಯಾಕ ಹಿಡೀವಲ್ದು?"

"ಅದನ್ನ ನನ್ನ ಕೇಳಬ್ಯಾಡ್ರಿ" ಎಂದು ಅವನು ಕೈ ಒರೆಸಿಕೊಂಡನಂತೆ.

ಆ ಮಾತೇ ಕೆಟ್ಟದ್ದು ಮಾಡಿತು. ಗಾಡಿಯಲ್ಲಿ ದೋಷ ಸಿಕ್ಕಿದ್ದರೆ ದುರಸ್ತಿಯಾಗುತ್ತಿತ್ತು. ಸಿಗಲಿಲ್ಲ. ಹಾಗಾಗಿ ಅದು ಮನುಷ್ಯರ ಮೇಲೆ ಬಂತು.

ಇವರು ನನ್ನೊಬ್ಬಳ ಹತ್ತಿರ ಹೇಳಿದರು: "ನಿನ್ನ ತಮ್ಮ ವೈರ್ ಏನೋ ಆಡಸ್ಯಾನ. ತಾ ಓಡಸೋವಾಗ ಜೋಡಸ್ತಾನ, ನನಗ ಕೊಡೋವಾಗ ಬಿಚ್ಚತಾನ. ನನ್ನ ಕಡೆ ಗಾಡಿ ಸಂಭಾಳಸಾಕ ಆಗಂಗಿಲ್ಲ ಅಂತ ನಾಕು ಮಂದಿ ಬಾಯಾಗ ಬಂದ್ರ, ಗಾಡಿ ಪೂರಾ ಅವಂದ."

ತಮ್ಮನೂ ನನ್ನೊಬ್ಬಳ ಹತ್ತಿರವೇ ಹೇಳಿದ. ನಾನು ಬ್ಲೌಸಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದೆ. ಅವನು ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದ. "ಅಕ್ಕ, ಭಾವ ಎಕ್ಸಾಸ್ಟ್ ಎಳೀದನ ಇಳಸ್ತಾರ ಅಂತ ನನಗ ಅನಸ್ತೈತಿ. ಬೇಕಂತ. ಗಾಡಿ ಕೆಟ್ಟೈತಿ ಅಂದು ಮಾರಿಬಿಡಬೇಕು ಅಂತಿರಬೇಕು. ಇನ್ನೊಂದು ಮಾತು. ಮೊನ್ನೆ ಮಧ್ಯಾಹ್ನ ಹಂಪಿ ರಸ್ತ್ಯಾಗ ಒಂದು ತ್ವಾಟದ ಮುಂದ ಅವರ ಬೈಕ್ ನಿಂತಿತ್ತು. ನಿನಗ ಹೇಳ್ಯಾರೇನು?"

ಹೇಳಿರಲಿಲ್ಲ. ಆ ದಿನ ಮಾರ್ಕೆಟ್ಟಿಗೆ ಹೋಗಿದ್ದೆ ಎಂದಿದ್ದರು.

ಒಬ್ಬರು ಗಂಡ, ಒಬ್ಬನು ಒಡಹುಟ್ಟಿದವನು. ಒಬ್ಬರ ಮಾತು ನಿಜವಾದರೆ ಇನ್ನೊಬ್ಬರು ಕಳ್ಳರು. ನಾನು ಹೊಲಿಗೆ ಹಾಕುತ್ತ ಇಬ್ಬರನ್ನೂ ನೋಡತೊಡಗಿದೆ. ತಮ್ಮ ಲಾರಿಯ ಕೀಲಿಯನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುವುದು ಕಣ್ಣಿಗೆ ಬಿತ್ತು. ಮೊದಲೂ ಅಲ್ಲೇ ಇಡುತ್ತಿದ್ದನೋ ಏನೋ, ನಾನು ನೋಡಿರಲಿಲ್ಲ. ಆದರೆ ಇವರನ್ನು ನೋಡಿದಷ್ಟೂ ಹೆಚ್ಚು ಹೆಚ್ಚು ಕಂಡಿತು. ಕೊಡದ ನೀರು ಬೇಗ ಖಾಲಿಯಾಗುತ್ತಿತ್ತು. ಹೋಳಿಗೆ ಎಂದರೆ ಪ್ರಾಣ ಬಿಡುವವರು ಹಬ್ಬದ ದಿನ ಒಂದನ್ನು ಮುರಿದು ತಟ್ಟೆಯಂಚಿಗೆ ಸರಿಸಿಟ್ಟರು. ಅಂಗಿ ಹೆಗಲಿನಲ್ಲಿ ಸಡಿಲಾಗಿತ್ತು. ಅಳತೆ ನನ್ನದೇ, ಹೊಲಿದವಳು ನಾನೇ, ಹಾಗಾಗಿ ನನಗೆ ಮೋಸವಾಗುವಂತಿರಲಿಲ್ಲ. ಎದುರು ಕೂತರೆ ಕಾಲನ್ನು ಲುಂಗಿಯೊಳಗೆ ಎಳೆದುಕೊಳ್ಳುತ್ತಿದ್ದರು.

ಒಂದು ದಿನ ಅವರು ಸ್ನಾನಕ್ಕೆ ಹೋದಾಗ ಬೈಕಿನ ಡಬ್ಬಿ ತೆರೆದೆ. ಒರೆಸುವ ಬಟ್ಟೆಯ ಕೆಳಗೆ ಪೇಪರಿನಲ್ಲಿ ಕಟ್ಟಿದ ಪುಡಿಯ ಪೊಟ್ಟಣ. ಕಂದು ಬಣ್ಣ. ನಾಲಿಗೆಯ ತುದಿಗೆ ತಾಗಿಸಿದೆ. ಬಾಯಿ ಪೂರ್ತಿ ಕಹಿಯಾಯಿತು. ನಿದ್ದೆ ಬಾರದಿರಲಿ ಎಂದು ಕೆಲ ಡ್ರೈವರುಗಳು ಏನೇನೋ ಬಾಯಿಗೆ ಹಾಕುತ್ತಾರೆ, ಆಮೇಲೆ ಅದನ್ನು ಬಿಟ್ಟಿರಲಾರರು ಎಂದು ಗಿರಾಕಿಯೊಬ್ಬಳು ಹೇಳಿದ್ದು ನೆನಪಾಯಿತು. ಇದ್ದ ಹಾಗೆಯೇ ಕಟ್ಟಿಟ್ಟೆ.

"ಹೊಟ್ಟಿ ಸರಿ ಇಲ್ಲೇನ್ರಿ?" ಎಂದು ಊಟಕ್ಕೆ ಬಡಿಸುವಾಗ ಕೇಳಿದೆ.

"ಯಾಕ?"

"ಸುಮ್ನ ಕೇಳಿದೆ."

"ಸುಮ್ನ ಯಾರೂ ಏನೂ ಕೇಳಂಗಿಲ್ಲ" ಎಂದರು. ಆ ರಾತ್ರಿಯಿಂದ ಬೈಕಿನ ಡಬ್ಬಿಗೆ ಬೀಗ ಬಿತ್ತು.

ಒಂದು ಮಧ್ಯಾಹ್ನ ತಮ್ಮನ ಫೋನಿಗೆ ಕರೆ ಬಂತು. ಇವರ ವಾರ. ಲೋಡು ತುಂಬಿಕೊಂಡು ಗುಡ್ಡ ಇಳಿಯುವಾಗ ಹಿಂದಿನ ಚಕ್ರಗಳಿಂದ ಹೊಗೆ ಎದ್ದಿದೆ, ಬ್ರೇಕ್ ತುಳಿದರೆ ನೆಲಕ್ಕೆ ಹೋದಂತಾಗಿದೆ. ಇವರು ಗಾಡಿಯನ್ನು ಗುಡ್ಡದ ಕಡೆಗೆ ಎಳೆದು, ರಸ್ತೆ ಬದಿಗೆ ಸುರಿದಿದ್ದ ಮಣ್ಣಿನ ಗುಡ್ಡೆಗೆ ಏರಿಸಿ ನಿಲ್ಲಿಸಿದ್ದರು. ಬಂಪರು ಬಾಗಿತ್ತು. ಇವರಿಗೆ ಹಣೆ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಎದುರಿನಿಂದ ಗಣಿ ಕೆಲಸದವರ ಬಸ್ಸು ಬರುತ್ತಿತ್ತಂತೆ. ಅದನ್ನು ತಮ್ಮ ಹೇಳಿದ, ಇವರು ಹೇಳಲಿಲ್ಲ.

ಸಂಜೆ ಮನೆಗೆ ಬಂದ ಮೇಲೆ ತಮ್ಮ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಕೇಳಿದ.

"ಭಾವ, ಕೈ ಮುಗದು ಕೇಳತೀನಿ. ನೀವು ಎಕ್ಸಾಸ್ಟ್ ಎಳದಿದ್ರ್ಯಾ ಇಲ್ಲಾ?"

"ಎಳದಿದ್ದೆ."

"ಎಳದಿದ್ರ ಲೈನರ್ ಹಂಗ ಸುಡೂದಿಲ್ಲ. ಆಮ್ಯಾಲೆ ಅಲ್ಲಿಂದ ಗಾಡಿ ತಂದವ ನಾನ. ಅದ ಗುಡ್ಡ, ಅದ ಲೋಡ್, ಬರೇ ಎಕ್ಸಾಸ್ಟ್ ಮ್ಯಾಲೆ ಇಳಿಸಿಕೊಂಡು ಬಂದೀನಿ."

"ನಿನ್ನ ಕೈಯಾಗ ಹಿಡೀತೈತಿ. ನನ್ನ ಕೈಯಾಗ ಹಿಡಿಯಂಗಿಲ್ಲ. ಏನು ಮಾಡಿಟ್ಟಿ ಅಂತ ನೀನ ಹೇಳು."

"ನಾನು? ನಿಮ್ಮ ಜೀವಕ್ಕ?"

"ಅದನ್ನ ನಿನ್ನ ಬಾಯಿಂದನ ಕೇಳಬೇಕಂತ ಇದ್ದೆ."

ತಮ್ಮ ನನ್ನ ಕಡೆ ತಿರುಗಿದ. ನಾನು ಏನಾದರೂ ಅನ್ನುತ್ತೇನೆ ಎಂದು ಕಾದ. ನಾನು ಮಷಿನ್ನಿನ ಮೇಲಿದ್ದ ಬ್ಲೌಸು ಮಡಚತೊಡಗಿದೆ. ಅವನು ಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬಿಕೊಂಡು, ಕೀಲಿಯನ್ನು ಮಷಿನ್ನಿನ ಮೇಲೆ ಇಟ್ಟು ಕಂಪ್ಲಿಯ ಬಸ್ಸಿಗೆ ಹೋದ. ಇವರು ಕೀಲಿಯನ್ನು ತೆಗೆದುಕೊಳ್ಳುವ ಮೊದಲು ಅದನ್ನು ಬಹಳ ಹೊತ್ತು ನೋಡಿದರು, ಅದರಲ್ಲಿಯೂ ಏನೋ ಇದೆ ಎಂಬಂತೆ.

ಹೊಸ ಲೈನರ್ ಹಾಕಿಸಿ ಮತ್ತೆ ಲಾರಿ ತೆಗೆದ ದಿನ ನಾನೂ ಬರುತ್ತೇನೆ ಎಂದೆ. ಯಶವಂತನಗರದಲ್ಲಿ ನನಗೆ ಗಿರಾಕಿಗಳಿದ್ದರು. ಮದುವೆಗೆಂದು ಕೊಟ್ಟಿದ್ದ ಬ್ಲೌಸುಗಳ ಗಂಟು ಸಿದ್ಧವಾಗಿತ್ತು. ಯಾವಾಗಲೂ ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೆ.

"ಬಸ್ಸಿಗೆ ಕೊಡು" ಎಂದರು.

"ಅಳತಿ ನೋಡಬೇಕು. ಮದಿವಿ ಬ್ಲೌಸು."

ಅವರು ನನ್ನನ್ನು ನೋಡಿದ ರೀತಿಯಲ್ಲೇ ನಂಬಿಲ್ಲ ಎಂದು ತಿಳಿಯಿತು. "ನಿನ್ನ ತಮ್ಮ ಕಳಸ್ಯಾನೇನು?" ಎಂದು ಕೇಳಿದರು. ಇಲ್ಲವೆಂದೆ. ಅದು ನಿಜ. ಆದರೆ ಅಳತೆಯ ಮಾತು ನಿಜವಾಗಿರಲಿಲ್ಲ. ನನಗೆ ಅವರು ಆ ಕಡ್ಡಿಯನ್ನು ಎಳೆಯುತ್ತಾರೋ ಇಲ್ಲವೋ ಎಂದು ಕಣ್ಣಾರೆ ನೋಡಬೇಕಿತ್ತು. ದಾರಿಯಲ್ಲಿ ಪುಡಿಯನ್ನು ಬಾಯಿಗೆ ಹಾಕುತ್ತಾರೋ ಎಂದೂ ನೋಡಬೇಕಿತ್ತು.

ಖಾಲಿ ಲಾರಿ ಗುಡ್ಡ ಹತ್ತಿತು. ಯಶವಂತನಗರದಲ್ಲಿ ನನ್ನನ್ನು ಇಳಿಸಿ ಅವರು ಯಾರ್ಡಿಗೆ ಹೋದರು. ಗಂಟು ಕೊಟ್ಟು, ಗಿರಾಕಿಯ ಮನೆಯಲ್ಲಿ ಚಹಾ ಕುಡಿದು ರಸ್ತೆಗೆ ಬಂದು ನಿಂತೆ. ಸಾಲಾಗಿ ಲಾರಿಗಳು ಬರುತ್ತಿದ್ದವು, ಎಲ್ಲವೂ ಕೆಂಪು. ನಮ್ಮದು ಬಂತು. ಅದಿರಿನ ಮೇಲೆ ತಾಡಪಾಲು ಬಿಗಿದಿದ್ದರು. ಹತ್ತಿದೆ.

ಸಂಡೂರು ದಾಟಿ ಇಳಿಜಾರು ಶುರುವಾಗುವ ತಿರುವಿಗೆ ಮೊದಲೇ ಅವರು ನಿಧಾನ ಮಾಡಿ ಕೆಳಗಿನ ಗೇರಿಗೆ ಹಾಕಿದರು. ಬಲಗಾಲನ್ನು ಆಕ್ಸಿಲರೇಟರಿನಿಂದ ತೆಗೆದರು. ಸ್ಟೇರಿಂಗ್ ಪಕ್ಕದ ಕಡ್ಡಿಯನ್ನು ಎಳೆದರು. ನಾನು ನೋಡಿದೆ. ಸರಿಯಾಗಿಯೇ ಎಳೆದರು.

ಲಾರಿಯ ದನಿ ಬದಲಾಯಿತು. ಉಸಿರು ಬಿಗಿಹಿಡಿದು ಗುರುಗುಟ್ಟುವಂತೆ ಒಂದು ದಪ್ಪ ಸದ್ದು ನಮ್ಮ ಕಾಲ ಕೆಳಗಿನಿಂದ ಎದ್ದಿತು. ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಜಗ್ಗಿದಂತೆ ಮೈ ತುಸು ಮುಂದಕ್ಕೆ ಬಂತು. ಹಿಡಿಯುತ್ತಿದೆ. ಹಾಗಾದರೆ ಇಷ್ಟು ದಿನ ಇವರು ಹೇಳಿದ್ದು ಸುಳ್ಳೇ ಎಂದು ಮನಸ್ಸಿನಲ್ಲಿ ಬರುವಷ್ಟರಲ್ಲಿ ಸದ್ದು ಫಕ್ಕನೆ ನಿಂತಿತು. ಲಾರಿ ಹಗುರಾಗಿ ಮುಂದಕ್ಕೆ ಜಾರಿತು. ಇವರು ಬ್ರೇಕ್ ತುಳಿದರು.

"ಕೇಳಿದೇನು? ಬಿಟ್ಟಿತು" ಎಂದರು. "ಈಗ ಹೋಗಿ ಹೇಳು ನಿನ್ನ ತಮ್ಮಗ."

ರಸ್ತೆಯ ಗುಂಡಿಯೊಂದರಲ್ಲಿ ಚಕ್ರ ಹಾರಿದಾಗ ಸದ್ದು ಮತ್ತೆ ಬಂತು. ಮತ್ತೆ ಹೋಯಿತು. ಅವರ ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು, ಕಡ್ಡಿ ಎಳೆದಲ್ಲೇ ಇತ್ತು. ನನ್ನ ಮಷಿನ್ನಿಗೆ ಮೋಟಾರು ಕೂರಿಸಿದ ಹೊಸದರಲ್ಲಿ ಹೀಗೇ ಆಗುತ್ತಿತ್ತು. ಹೊಲಿಯದೆ ಸುಮ್ಮನೆ ಕೂತಾಗಲೂ ಅದು ಗುಂಯ್ ಎನ್ನುತ್ತಿತ್ತು. ನೋಡಿದರೆ ನನ್ನ ಕಾಲು ಗೊತ್ತಿಲ್ಲದಂತೆ ಪೆಡಲಿನ ಮೇಲೆ ಕೂತಿರುತ್ತಿತ್ತು. ನಾನು ಬಗ್ಗಿ ಕೆಳಗೆ ನೋಡಿದೆ.

ಅವರ ಎಡಗಾಲು ಕ್ಲಚ್ಚಿನ ಮೇಲಿತ್ತು. ಒತ್ತಿ ತುಳಿದಿರಲಿಲ್ಲ, ಮಗು ತೊಟ್ಟಿಲ ಅಂಚಿನ ಮೇಲೆ ಕೈ ಇಟ್ಟಂತೆ ಸುಮ್ಮನೆ ಕೂತಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅದು ಜಾರಿ ಬಾಗಿಲ ಮೂಲೆಗೆ ಹೋಗಿ ಬಿದ್ದಿತ್ತು.

"ರೀ, ಕಾಲು ತೆಗೀರಿ."

"ಹೆಂಗ ತೆಗೀಲಿ? ಬ್ರೇಕ್ ಬಿಟ್ರ ಗಾಡಿ ಹೋಗತೈತಿ."

"ಅದಲ್ಲ. ಎಡಗಾಲು. ಕ್ಲಚ್ ಮ್ಯಾಲೆ ಐತಿ."

"ಕೆಳಗೈತಿ" ಎಂದರು ರಸ್ತೆಯಿಂದ ಕಣ್ಣು ತೆಗೆಯದೆ. "ಕ್ಲಚ್ ಮ್ಯಾಲೆ ಕಾಲಿಡೋ ಚಟ ನನಗಿಲ್ಲ."

"ಚಪ್ಲಿ ಎಲ್ಲೈತಿ?"

"ಕಾಲಾಗ ಐತಿ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಸುಳ್ಳು ಹೇಳುವಾಗ ಅವರ ದನಿ ಹೇಗಿರುತ್ತದೆ ಎಂದು ಆ ಕೆಲವು ತಿಂಗಳಲ್ಲಿ ನನಗೆ ಚೆನ್ನಾಗಿ ಗೊತ್ತಾಗಿತ್ತು. ಅವರ ಕಾಲು ಎಲ್ಲಿದೆಯೆಂದು ಅವರಿಗೇ ತಿಳಿದಿರಲಿಲ್ಲ. ಅದು ಅರ್ಥವಾದ ಕ್ಷಣ ಮುಂದಿನ ತಿರುವು, ಪಕ್ಕದ ಕಂದಕ, ಹಿಂದೆ ನಮ್ಮ ಬೆನ್ನಿಗೆ ಹೇರಿದ್ದ ಅದಿರು ಎಲ್ಲವೂ ಒಮ್ಮೆಗೇ ನನ್ನ ಮೈಮೇಲೆ ಬಂದವು. ನಾನು ಸೀಟಿನಿಂದ ಕೆಳಗೆ ಜಾರಿ, ಗೇರಿನ ಕೋಲಿನ ಆಚೆಗೆ ಕೈ ಚಾಚಿ ಅವರ ಕಣಕಾಲು ಹಿಡಿದು ಎತ್ತಿದೆ. ಕಾಲು ತಣ್ಣಗಿತ್ತು. ಕ್ಲಚ್ಚು ಬಿಡುತ್ತಿದ್ದಂತೆ ದಪ್ಪ ಸದ್ದು ಮತ್ತೆ ಎದ್ದಿತು. ಈ ಸಲ ನಿಲ್ಲಲಿಲ್ಲ.

"ಏನು ಮಾಡಾಕತ್ತಿ?"

"ಗಾಡಿ ಹೊಡೀರಿ. ಮಾತಾಡಬ್ಯಾಡ್ರಿ."

ಅವರು ಬ್ರೇಕಿನಿಂದ ಕಾಲು ತೆಗೆದರು. ಲಾರಿ ಓಡಲಿಲ್ಲ. ಗುರುಗುಟ್ಟುತ್ತ, ಅದೇ ನಿಧಾನದಲ್ಲಿ ಇಳಿಯಿತು. ನಾನು ಮುಖವನ್ನು ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡು, ಎರಡೂ ಕೈಯಲ್ಲಿ ಅವರ ಕಾಲು ಹಿಡಿದುಕೊಂಡು ಕೆಳಗಿನವರೆಗೂ ಹಾಗೇ ಬಂದೆ. ತಿರುವುಗಳು ನನಗೆ ಕಾಣಲಿಲ್ಲ. ಬರೀ ಮೈ ಅತ್ತ ಇತ್ತ ವಾಲಿದ್ದು ನೆನಪಿದೆ, ಇಂಜಿನ್ನಿನ ಕಾವು ಮುಖಕ್ಕೆ ಹೊಡೆದದ್ದು ನೆನಪಿದೆ.

ಸಮತಟ್ಟಾದ ರಸ್ತೆಯಲ್ಲಿ ಹುಣಸೆ ಮರದ ಕೆಳಗೆ ನಿಲ್ಲಿಸಿದರು. ನಾನು ಕೇಳದೆಯೇ ಅವರ ಪಾದವನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ. ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡಕ್ಕೆ ಒಂದು ತೂತು. ಒಳಗೆ ಅದಿರಿನ ಹರಳೊಂದು ಕೂತಿತ್ತು, ಸುತ್ತಲೂ ಬಿಳಿಚಿದ ಚರ್ಮ. ಸೆರಗಿನ ಪಿನ್ನಿನಿಂದ ಅದನ್ನು ಎಬ್ಬಿಸಿ ತೆಗೆದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಒಮ್ಮೆಯೂ ಕಾಲು ಎಳೆದುಕೊಳ್ಳಲಿಲ್ಲ.

"ನೋವಾತೇನ್ರಿ?"

"ಏನು ಮಾಡಿದಿ?" ಎಂದರು.

ಹರಳನ್ನು ಅಂಗೈಯಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಒಂದೊಂದಾಗಿ ಹೇಳಿದರು. ಸಕ್ಕರೆ ಕಾಯಿಲೆ ಇದೆಯೆಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗಿ ತಿಂಗಳುಗಳೇ ಆಗಿದ್ದವು. ಡಾಕ್ಟರ ಗುಳಿಗೆ ಶುರು ಮಾಡಿದರೆ ಮನೆಗೆ ಗೊತ್ತಾಗುತ್ತದೆ, ತಮ್ಮನಿಗೆ ಗೊತ್ತಾಗುತ್ತದೆ, ಲೈಸೆನ್ಸಿಗೆ ಕುತ್ತು ಬರುತ್ತದೆ ಎಂದು ಹಂಪಿ ರಸ್ತೆಯ ತೋಟದ ಮುದುಕನೊಬ್ಬನ ಹತ್ತಿರ ಬೇರಿನ ಪುಡಿ ತರುತ್ತಿದ್ದರು. ಕಾಲು ಜೋಮು ಹಿಡಿದಂತಾಗುತ್ತದೆ ಎಂದು ಗೊತ್ತಿತ್ತು. ಡ್ರೈವರಿಗೆ ಅದು ಇದ್ದದ್ದೇ ಎಂದುಕೊಂಡಿದ್ದರು. ಕ್ಲಚ್ ತುಳಿಯಲು ತೊಡೆಯ ಬಲವೇ ಸಾಕಾಗುತ್ತಿತ್ತು, ಹಾಗಾಗಿ ಪಾದದ ಅರಿವೇ ಹೋದದ್ದು ತಿಳಿದಿರಲಿಲ್ಲ.

ನಾನು ತಮ್ಮನಿಗೆ ಫೋನ್ ಮಾಡಿದೆ. ಬರುತ್ತಾನೋ ಇಲ್ಲವೋ ಎಂಬ ಅನುಮಾನವಿತ್ತು. ಬಂದ, ಯಾರದೋ ಬೈಕ್ ಕೇಳಿ ತೆಗೆದುಕೊಂಡು. ಅಷ್ಟು ಹೊತ್ತಿಗೆ ಇವರು ಬೇರೊಂದು ಲೆಕ್ಕ ಹಾಕಿಯಾಗಿತ್ತು.

"ಇಬ್ಬರೂ ಕೂಡಿ ಚಂದ ಆಟ ಕಟ್ಟೀರಿ" ಎಂದರು. "ಮೊದಲು ಅವ ಗಾಡಿ ಕೆಡಿಸಿದ. ಈಗ ನೀ ನನ್ನ ಕಾಲು ಕೆಟ್ಟೈತಿ ಅಂತಿ."

ತಮ್ಮ ಡ್ರೈವರ್ ಸೀಟಿಗೆ ಹತ್ತಿ ಕೂತ. ಇವರನ್ನು ಪಕ್ಕಕ್ಕೆ ಕೂರಿಸಿದೆವು, ನಾನು ನಡುವೆ. ಮುಂದೆ ಚಿಕ್ಕದೊಂದು ಇಳಿಜಾರು ಇತ್ತು. ಅಲ್ಲಿ ಕಡ್ಡಿ ಎಳೆದ. ಸದ್ದು ಬಂತು. "ಭಾವ, ಈಗ ಕೇಳ್ರಿ" ಎಂದು ಎಡಗಾಲಿನ ಬೆರಳ ತುದಿಯನ್ನು ಕ್ಲಚ್ಚಿಗೆ ಮುಟ್ಟಿಸಿದ. ಸದ್ದು ಹೋಯಿತು. ತೆಗೆದ, ಬಂತು. ಮುಟ್ಟಿಸಿದ, ಹೋಯಿತು. ಇವರು ತಲೆ ಬಗ್ಗಿಸಿ ಕೇಳುತ್ತಿದ್ದರು. ಇಂಜಿನ್ನಿನ ಸದ್ದು ಅವರಿಗೆ ಸುಳ್ಳು ಹೇಳುವುದಿಲ್ಲ.

"ಇನ್ನೊಮ್ಮೆ" ಎಂದರು. ತಮ್ಮ ಇನ್ನೊಮ್ಮೆ ಮಾಡಿದ.

"ಈ ಸ್ವಿಚ್ ಮೊದಲು ಇಷ್ಟು ನಾಜೂಕ್ ಇರಲಿಲ್ಲ" ಎಂದರು ಕೊನೆಗೆ.

ಪೇಟೆಯ ಡಾಕ್ಟರು ನೈಲಾನ್ ದಾರದಂಥ ಒಂದು ಎಳೆಯನ್ನು ಅವರ ಅಂಗಾಲಿನ ಅಲ್ಲಲ್ಲಿ ಒತ್ತಿ, ಕಣ್ಣು ಮುಚ್ಚಿಸಿ, ಗೊತ್ತಾದಾಗ ಹೇಳಿ ಎಂದರು. ಹೆಚ್ಚು ಸಲ ಅವರು ಹೇಳಲೇ ಇಲ್ಲ. ಬಲಗಾಲು ಅಷ್ಟು ಹಾಳಾಗಿರಲಿಲ್ಲ. ಕಾಲಿನ ಹುಣ್ಣು ಮಾಯಲು ಒಂದು ಮಳೆಗಾಲವೇ ಹಿಡಿಯಿತು. ಲಾರಿ ಬೇಡವೇ ಬೇಡ ಎಂದರು ಡಾಕ್ಟರು. ಇವರು ನನ್ನನ್ನು ನೋಡಿದರು. ನಾನೇ ಮೊದಲು ಬಂದು ಡಾಕ್ಟರಿಗೆ ಹೇಳಿಕೊಟ್ಟಿದ್ದೇನೆ ಎಂದು ಆಗ ತಾವು ಅಂದುಕೊಂಡದ್ದನ್ನು ಆಮೇಲೆ ಜಗಳದಲ್ಲಿ ಬಾಯಿಬಿಟ್ಟರು.

ಈಗ ತಮ್ಮ ಇನ್ನೊಬ್ಬ ಡ್ರೈವರನನ್ನು ಇಟ್ಟುಕೊಂಡು ಲಾರಿ ನಡೆಸುತ್ತಾನೆ. ಇವರು ಸೈಡಿಂಗಿನ ಹತ್ತಿರ ಟೈರು, ಗ್ರೀಸು, ನಟ್ಟು ಬೋಲ್ಟು ಮಾರುವ ಸಣ್ಣ ಅಂಗಡಿ ಹಾಕಿದ್ದಾರೆ. ನಮ್ಮ ಲಾರಿ ಅಲ್ಲಿ ನಿಂತಾಗಲೆಲ್ಲ ಎದ್ದು ಹೋಗಿ ಚಕ್ರದ ಡ್ರಮ್ಮಿಗೆ ಅಂಗೈ ಹತ್ತಿರ ಹಿಡಿದು ಕಾವು ನೋಡುತ್ತಾರೆ. ಹೊಸ ಡ್ರೈವರನಿಗೆ ಇದು ಸೇರುವುದಿಲ್ಲ. ತಮ್ಮ ಅವನಿಗೆ ಸುಮ್ಮನಿರಲು ಹೇಳಿದ್ದಾನೆ. ಭಾವ ಮೈದುನರ ನಡುವೆ ಮಾತು ಇದೆ, ಊಟಕ್ಕೆ ಕರೆಯುವುದೂ ಬರುವುದೂ ಇದೆ. ಆದರೆ ತಮ್ಮ ಲಾರಿಯ ಕೆಳಗೆ ತೂರಿದ್ದು ಕಂಡರೆ ಇವರು ಅಂಗಡಿಯ ಗಲ್ಲಾ ಬಿಟ್ಟು ಬಂದು ನಿಲ್ಲುತ್ತಾರೆ. "ಏನು ನೋಡಾಕತ್ತೀರಿ ಭಾವ?" ಎಂದು ಅವನು ಕೇಳಿದರೆ "ಏನಿಲ್ಲ ಬಿಡು" ಎನ್ನುತ್ತಾರೆ.

ಸಂಜೆ ಮನೆಗೆ ಬಂದ ಮೇಲೆ ನಾನು ಅವರ ಎರಡೂ ಪಾದ ತೊಳೆದು ಒರೆಸಿ ನೋಡುತ್ತೇನೆ. ಡಾಕ್ಟರು ಹಾಗೆ ಮಾಡಿ ಎಂದಿದ್ದಾರೆ. ಕಣ್ಣು ಮುಚ್ಚಿರಿ ಎಂದು ಹೇಳಿ ಒಂದು ಬೆರಳಿಗೆ ದಾರ ತಾಗಿಸಿ ಯಾವ ಬೆರಳು ಎಂದು ಕೇಳುತ್ತೇನೆ.

"ನಡುವಿಂದು" ಎನ್ನುತ್ತಾರೆ ತಕ್ಷಣ.

ಕೆಲವು ಸಲ ಅದು ಸರಿಯಾಗಿಯೇ ಇರುತ್ತದೆ. ಗೊತ್ತಾಗಿ ಹೇಳುತ್ತಾರೋ, ಅಂದಾಜಿನಲ್ಲಿ ಹೇಳುತ್ತಾರೋ ನನಗೆ ತಿಳಿಯುವುದಿಲ್ಲ. ಹಾಗಾಗಿ ಒಮ್ಮೊಮ್ಮೆ ನಾನು ಯಾವ ಬೆರಳನ್ನೂ ಮುಟ್ಟದೆ ಕೇಳುತ್ತೇನೆ. ಅವರು ಕಣ್ಣು ಮುಚ್ಚಿಕೊಂಡೇ "ನೀ ಮುಟ್ಟೀಯೋ ಇಲ್ಲೋ ಅಂತ ಮೊದಲು ಹೇಳು" ಎನ್ನುತ್ತಾರೆ.